ಶನಿವಾರದ ಬೆಂಕಿ ಯಾರದು

ಚಪ್ಪಾಳೆ ಎಷ್ಟು ಹೊತ್ತು ಇರುತ್ತದೆ ಎಂಬುದು ಒತೀಲಿಯಾಳಿಗೆ ಕರಾರುವಾಕ್ಕಾಗಿ ಗೊತ್ತಿತ್ತು. ಹೆಂಚಿನ ಮೇಲೆ ಹಾಕಿದ ಟೋರ್ಟಿಯಾದ ಒಂದು ಮಗ್ಗುಲು ಬೇಯುವಷ್ಟು ಹೊತ್ತು. ಲಟ್ಟಿಸಿದ್ದನ್ನು ಹೆಂಚಿಗೆ ಹಾಕುವಾಗ ಹೊರಗೆ ಶುರುವಾಗುತ್ತಿತ್ತು, ಗುಳ್ಳೆ ಎದ್ದು ಮಗುಚುವ ಹೊತ್ತಿಗೆ ನಿಂತುಹೋಗುತ್ತಿತ್ತು. ಕೇಳುತ್ತ ಮೈಮರೆತರೆ ರೊಟ್ಟಿ ಸೀಯುತ್ತಿತ್ತು. ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಈಚೆ ನಿಂತು ಅವಳು ಅದನ್ನು ಕೇಳಿಸಿಕೊಂಡಿದ್ದಳು. ಒಂದು ಸಲವೂ ಅದು ಅವಳಿಗಾಗಿ ಬಿದ್ದ ಚಪ್ಪಾಳೆಯಾಗಿರಲಿಲ್ಲ.

ದ್ರಾಕ್ಷಿತೋಟಗಳ ಕಣಿವೆಯಲ್ಲಿ, ಎಲ್ ಪೊರ್ವೆನೀರ್ ಊರಿನ ಹೊರಗೆ, ಮಣ್ಣುದಾರಿ ಮುಗಿಯುವಲ್ಲಿ, ದೊನ್ಯಾ ಲೊರೆನ್ಸಾಳ ಆರು ಕೋಣೆಗಳ ತಂಗುಮನೆ. ಶುಕ್ರವಾರ ಸಂಜೆ ಧೂಳೆಬ್ಬಿಸುತ್ತ ಕಾರುಗಳು ಬರುತ್ತವೆ, ಭಾನುವಾರ ಮಧ್ಯಾಹ್ನ ಡಿಕ್ಕಿಯಲ್ಲಿ ವೈನ್ ಬಾಟಲಿಗಳನ್ನು ಕಿಣಿಕಿಣಿ ಅನ್ನಿಸುತ್ತ ಹೋಗುತ್ತವೆ. ನಡುವಿನ ಎರಡು ರಾತ್ರಿ, ಒಂದೂವರೆ ಹಗಲು, ತಿಹುವಾನಾದ ವಕೀಲರು, ಸ್ಯಾನ್ ಡಿಯಾಗೋದ ಹಲ್ಲಿನ ಡಾಕ್ಟರುಗಳು, ರಾಜಧಾನಿಯ ಹೊಸ ಜೋಡಿಗಳು ಇಲ್ಲಿ ತಿಂದು ಕುಡಿದು ‘ಜೀವನ ಅಂದ್ರೆ ಇದು’ ಎನ್ನುತ್ತಾರೆ. ಒತೀಲಿಯಾ ಅದೇ ಕಣಿವೆಯಲ್ಲಿ ಐವತ್ತಮೂರು ವರ್ಷದಿಂದ ಜೀವನ ಮಾಡಿಕೊಂಡು ಬಂದವಳು. ಒಂದು ದಿನವೂ ಹಾಗೆ ಅನ್ನಲು ಅವಳಿಗೆ ಪುರುಸೊತ್ತಾಗಿರಲಿಲ್ಲ.

ಶನಿವಾರದ ಊಟ ಅಂಗಳದ ಓಕ್ ಮರದ ಕೆಳಗೆ, ಉದ್ದನೆಯ ಮೇಜಿನ ಮೇಲೆ. ಹತ್ತು ಹೆಜ್ಜೆ ದೂರದಲ್ಲಿ ಕಬ್ಬಿಣದ ಶಿಲುಬೆಗೆ ಬಿಗಿದ ಇಡೀ ಕುರಿಮರಿ ದ್ರಾಕ್ಷಿ ಬೊಡ್ಡೆಗಳ ಕೆಂಡದೆದುರು ಬೆಳಗಿನಿಂದ ಬೇಯುತ್ತಿರುತ್ತದೆ. ಅದರ ಪಕ್ಕದಲ್ಲಿ ಅಗಲ ಟೋಪಿ, ಬಿಳಿ ಅಂಗಿ, ಚರ್ಮದ ಏಪ್ರನ್ ತೊಟ್ಟ ಎವಾರಿಸ್ತೋ, ಒತೀಲಿಯಾಳ ಗಂಡ. ಮಾಂಸವೆಲ್ಲ ಮೂಳೆಯಿಂದ ಬಿಟ್ಟು ತಟ್ಟೆಗಳು ಖಾಲಿಯಾದಾಗ ದೊನ್ಯಾ ಲೊರೆನ್ಸಾ ಚಮಚದಿಂದ ಗ್ಲಾಸು ತಟ್ಟಿ, “ಈಗ ನಮ್ಮ ಬೆಂಕಿಯ ಮೇಷ್ಟ್ರನ್ನ ಕರೆಯೋಣ” ಎನ್ನುತ್ತಾಳೆ. ಎವಾರಿಸ್ತೋ ಟೋಪಿ ತೆಗೆದು ಎದೆಗೆ ಒತ್ತಿಕೊಂಡು, ಮದುವೆಯ ದಿನ ಕೂಡ ಬಗ್ಗದಿದ್ದಷ್ಟು ಬಗ್ಗುತ್ತಾನೆ.

ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತ ಮಾತಿದೆ. ಎವಾರಿಸ್ತೋ ಬಡಿಸುತ್ತಲೂ ಇರಲಿಲ್ಲ. ಕುರಿಮರಿಯನ್ನು ಹಿಂದಿನ ದಿನ ತೊಳೆದು, ಬೆಳ್ಳುಳ್ಳಿ ಉಪ್ಪುನೀರಿನಲ್ಲಿ ನೆನೆಹಾಕುವವಳು ಒತೀಲಿಯಾ. ಬೆಳಗಿನ ಆರಕ್ಕೆ ಬೆಂಕಿ ಹಚ್ಚಿ, ಉರಿ ಇಳಿದು ಕೆಂಡವಾಗುವವರೆಗೆ ಕಾಯುವವಳೂ ಅವಳೇ. ಎಂಟಕ್ಕೆ ಎವಾರಿಸ್ತೋ ಕ್ಷೌರ ಮಾಡಿಕೊಂಡು ಬರುತ್ತಾನೆ. ಆಮೇಲೆ ಅವನು ನಿಲ್ಲುತ್ತಾನೆ. ನಿಂತು, ಆಗಾಗ ರೋಸ್ಮರಿ ಸೊಪ್ಪಿನ ಕಟ್ಟನ್ನು ಉಪ್ಪುನೀರಿಗೆ ಅದ್ದಿ ಮಾಂಸಕ್ಕೆ ಚಿಮುಕಿಸುತ್ತಾನೆ. ಆ ಹೊತ್ತಿಗೆ ಒತೀಲಿಯಾ ಹನ್ನೆರಡು ಜನರ ತಿಂಡಿ ಮುಗಿಸಿ, ಆರು ಕೋಣೆಗಳ ಹಾಸಿಗೆ ಬಡಿದು, ಒರಳಿನಲ್ಲಿ ಸುಟ್ಟ ಮೆಣಸಿನಕಾಯಿ ಅರೆಯುತ್ತ, ಕಣ್ಣುಜ್ಜಿಕೊಳ್ಳಲು ಖಾರ ತಾಗದ ತೋಳು ಹುಡುಕುತ್ತಿರುತ್ತಾಳೆ. ಕಿಟಕಿಯಾಚೆ ಹೆಂಗಸರು ಅವನೊಂದಿಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವರ ಕೈಗಳನ್ನು ನೋಡಿ ಅವಳಿಗೆ ಒಂದು ಹೊಟ್ಟೆಕಿಚ್ಚು: ಎರಡು ದಿನ ಒಂದು ಚಮಚವನ್ನೂ ತೊಳೆಯದ ಕೈಗಳು. ಅವನ ಕೈ ನೋಡಿ ಇನ್ನೊಂದು. ಎರಡನೆಯದು ದೊಡ್ಡದು.

ಏಕೆಂದರೆ ಆ ಬೆಂಕಿ ಅವಳ ತವರಿನದು.

ಅವಳ ಅಪ್ಪ ದೊನ್ ಫೆರ್ಮಿನ್ ಕಣಿವೆಯ ಹಳೆಯ ತೋಟಗಳಲ್ಲಿ ಬಳ್ಳಿ ಸವರುವ ಕೆಲಸದವನು. ಕೊಯ್ಲು ಮುಗಿದ ದಿನ ಧಣಿಗಳಿಗೂ ಆಳುಗಳಿಗೂ ಅವನೇ ಮಾಂಸ ಸುಡುತ್ತಿದ್ದ. ಗಂಡುಮಕ್ಕಳಿರಲಿಲ್ಲ. ಆದ್ದರಿಂದ ಎಂಟು ವರ್ಷದ ಒತೀಲಿಯಾಳನ್ನು ಎದುರು ಕೂರಿಸಿಕೊಂಡು ಕಟ್ಟಿಗೆಯ ಪಾಠ ಹೇಳಿದ್ದ. ಕಿತ್ತ ವರ್ಷದ ಬೊಡ್ಡೆ ಒಲೆಗೆ ಬರುವುದಿಲ್ಲ. ಹೊರಗೆ ಒಣಗಿ ಬಿರಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಬಳ್ಳಿಗೆ ಬೂಷ್ಟು ಹಿಡಿಯದಿರಲೆಂದು ಉದುರಿಸಿದ ಗಂಧಕ ತೊಗಟೆಯ ಸಂದಿಯಲ್ಲಿ ಕೂತಿರುತ್ತದೆ. ಒಂದು ಚಳಿಗಾಲದ ಮಳೆ ಅದನ್ನು ತೊಳೆಯಬೇಕು, ಒಂದು ಬೇಸಿಗೆ ಒಣಗಿಸಬೇಕು. ಎರಡು ಬೊಡ್ಡೆ ತಗೊಂಡು ಒಂದಕ್ಕೊಂದು ಕುಟ್ಟು. ಟಣ್ ಅಂದರೆ ಒಲೆಗೆ, ದಪ್ ಅಂದರೆ ಇನ್ನೊಂದು ವರ್ಷ ರಾಶಿಗೆ. “ಮಾಂಸಕ್ಕೆ ಬೆಂಕಿ ತೋರಿಸಬೇಡ ಮಗಳೇ, ಬಿಸಿ ತೋರಿಸು” ಎನ್ನುತ್ತಿದ್ದ. ಅವನು ಸತ್ತ ಮೇಲೆ ಊರ ಮದುವೆಗಳಿಗೆ, ಹೆಸರಿಡುವ ಊಟಗಳಿಗೆ ಬೆಂಕಿ ಹಚ್ಚಿಕೊಟ್ಟವಳು ಅವಳು.

ಹಾಗಿದ್ದರೆ ಬೆಂಕಿ ಗಂಡನ ಕೈಗೆ ಹೋದದ್ದು ಹೇಗೆ? ಅಲ್ಲೇ ಅವಳಿಗೆ ಉರಿ. ತಾನೇ ಕೊಟ್ಟದ್ದು. ಹನ್ನೊಂದು ವರ್ಷದ ಹಿಂದೆ ದೊನ್ಯಾ ಲೊರೆನ್ಸಾ ತಂಗುಮನೆ ತೆರೆದಾಗ, “ನಿಮ್ಮ ಮನೇಲಿ ಮಾಂಸ ಸುಡೋರು ಯಾರು?” ಎಂದು ಕೇಳಿದ್ದಳು. ಎವಾರಿಸ್ತೋ ಆಗ ಗಾರೆ ಕೆಲಸ ಬಿಟ್ಟು, ಸೊಂಟ ನೋವೆಂದು ಮನೆಯಲ್ಲಿ ಕೂತಿದ್ದ. ಪಕ್ಕದಲ್ಲೇ ನಿಂತಿದ್ದ. ಹೊಸಬರ ಮುಂದೆ ಗಂಡನಿಗೆ ಒಂದು ಮಾತಿನ ಮರ್ಯಾದೆ ಇರಲಿ ಎಂದು ಅವಳ ಬಾಯಿ ತಾನಾಗಿ, “ಇವರೇ, ದೊನ್ಯಾ” ಎಂದುಬಿಟ್ಟಿತ್ತು. ಹೆಣ್ಣಿನ ಬಾಯಿಗೆ ಹಾಗೆ ಅನ್ನುವ ರೂಢಿ. ಯೋಚನೆ ಆಮೇಲೆ ಬರುತ್ತದೆ. ದೊನ್ಯಾ ಲೊರೆನ್ಸಾ ಎವಾರಿಸ್ತೋನ ಭುಜ, ಮೀಸೆ ಎಲ್ಲ ನೋಡಿ, “ಚೆನ್ನಾಗಿದೆ, ಬಂದವರಿಗೆ ಇದು ಇಷ್ಟ ಆಗುತ್ತೆ” ಎಂದಿದ್ದಳು.

ಈ ಆಗಸ್ಟಿನಲ್ಲಿ, ಕೊಯ್ಲಿನ ಹಬ್ಬದ ವಾರ, ರಾಜಧಾನಿಯ ಒಂದು ಪತ್ರಿಕೆಯಿಂದ ಬೆರೆನೀಸ್ ಎಂಬ ಹೆಂಗಸು ಬರುತ್ತಾಳೆಂದು ಸುದ್ದಿಯಾಯಿತು. ಎರಡು ರಾತ್ರಿ ಇದ್ದು, ತಿಂದು ಕುಡಿದು ಬರೆಯುತ್ತಾಳಂತೆ. ನಾಲ್ಕು ಪುಟ, ಒಂದು ಪುಟ ಪೂರ್ತಿ ಬೆಂಕಿಯ ಮೇಷ್ಟ್ರಿಗೆ.

“ಕೇಳಿದ್ಯಾ ಮುದುಕಿ? ಒಂದು ಪುಟ!” ಎವಾರಿಸ್ತೋ ಮೀಸೆಗೆ ಬಾಚಣಿಗೆ ಹಾಕುತ್ತ ಹೇಳಿದ. “ಬಿಳಿ ಅಂಗಿಗೆ ಚೆನ್ನಾಗಿ ಗಂಜಿ ಹಾಕು.”

ಒತೀಲಿಯಾ ಗಂಜಿ ಹಾಕಿದಳು. ಇಸ್ತ್ರಿಯನ್ನೂ ಮಾಡಿದಳು. ಇಸ್ತ್ರಿಪೆಟ್ಟಿಗೆ ಒತ್ತುವಾಗ ಒಂದೇ ಯೋಚನೆ: ಇಷ್ಟು ದಿನ ಬಾಯಿಮಾತಿನಲ್ಲಿತ್ತು, ಬಾಯಿಮಾತು ಗಾಳಿಗೆ ಹೋಗುತ್ತಿತ್ತು. ಈಗ ಅಚ್ಚಾಗುತ್ತದೆ. ಅಚ್ಚಾದ ಮೇಲೆ ಅಪ್ಪನ ಬೆಂಕಿ ಇವನದೇ. ಮೊಮ್ಮಕ್ಕಳು ಓದಿ, ‘ನಮ್ಮ ತಾತ’ ಎನ್ನುತ್ತಾರೆ.

ಬೆರೆನೀಸ್ ಶುಕ್ರವಾರ ನಾಲ್ಕಕ್ಕೇ ಬಂದಳು. ಮೂವತ್ತರ ಆಸುಪಾಸು, ಕತ್ತರಿಸಿದ ಕೂದಲು, ಕೈಯಲ್ಲಿ ಸಣ್ಣ ಪುಸ್ತಕ, ಕುತ್ತಿಗೆಯಲ್ಲಿ ಕ್ಯಾಮೆರಾ. ಒತೀಲಿಯಾ ಕೊಟ್ಟ ಅಂಜೂರದ ಹಣ್ಣು, ಹಸಿ ಚೀಸು ತಿಂದು, “ಅಯ್ಯೋ ದೇವರೇ, ಎಷ್ಟು ಚೆನ್ನಾಗಿದೆ!” ಎಂದಳು. ಎಂದದ್ದು ಒತೀಲಿಯಾಳಿಗಲ್ಲ, ತಟ್ಟೆಗೆ. ನಂತರ, “ದೊನ್ ಎವಾರಿಸ್ತೋ ಎಲ್ಲಿ?” ಎಂದು ಕೇಳಿದಳು.

ದೊನ್ ಎವಾರಿಸ್ತೋ ಅಂಗಳದಲ್ಲಿ ಸಿದ್ಧನಾಗಿಯೇ ನಿಂತಿದ್ದ. “ಕಟ್ಟಿಗೆ ತರೋದ್ರಿಂದ ಶುರು ಮಾಡೋಣ, ಸೆನ್ಯೋರಿತಾ. ನನ್ನ ಕೆಲಸ ಶುರುವಾಗೋದೇ ಅಲ್ಲಿಂದ.”

ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಒತೀಲಿಯಾಳ ಕೈ ನಿಂತಿತು. ಹನ್ನೊಂದು ವರ್ಷದಲ್ಲಿ ಆತ ಒಂದು ಬೊಡ್ಡೆ ಎತ್ತಿದವನಲ್ಲ. ಶುಕ್ರವಾರ ಸಂಜೆ ಕೈಗಾಡಿ ತಳ್ಳಿಕೊಂಡು ಕೊಟ್ಟಿಗೆಯ ಹಿಂದಿನ ರಾಶಿಗೆ ಹೋಗಿ, ಕುಟ್ಟಿ ನೋಡಿ, ಆರಿಸಿ ತರುತ್ತಿದ್ದವಳು ಅವಳು. ಕಿಟಕಿಗೆ ಬಂದು ನೋಡಿದಳು. ಬೆರೆನೀಸ್ ಹಿಂದಹಿಂದಕ್ಕೆ ನಡೆಯುತ್ತ ಫೋಟೋ ತೆಗೆಯುತ್ತಿದ್ದಳು. ಸಂಜೆಯ ಬೆಳಕು, ಟೋಪಿ, ಕೈಗಾಡಿ. ಎವಾರಿಸ್ತೋ ಕೊಟ್ಟಿಗೆಯ ಹಿಂದಕ್ಕೆ ಹೋಗಲೇ ಇಲ್ಲ. ಬೇಲಿಯ ಪಕ್ಕದ, ಬೆಳಕು ಚೆನ್ನಾಗಿ ಬೀಳುವ ಹತ್ತಿರದ ರಾಶಿಯಿಂದ ಬೊಡ್ಡೆಗಳನ್ನು ಎತ್ತಿ ಎತ್ತಿ ಹಾಕಿದ. ಈ ಮಾರ್ಚಿನಲ್ಲಿ ಕಿತ್ತ ರಾಶಿ ಅದು. ಒಂದು ಚಳಿಗಾಲದ ಮಳೆಯನ್ನೂ ಕಂಡಿರಲಿಲ್ಲ.

ಕೂಗಬೇಕೆಂದು ಬಾಯಿ ತೆರೆದಳು. ‘ಅದಲ್ಲ ಮುದುಕಾ, ಹಿಂದಿನದು’ ಅಂದರೆ ಆಗಿತ್ತು. ಅಷ್ಟರಲ್ಲಿ ಅವನು ಒಂದು ಬೊಡ್ಡೆಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮೂಸಿ, ಬೆರೆನೀಸ್‌ಗೆ ಕೊಟ್ಟ. ಅವಳೂ ಕಣ್ಣು ಮುಚ್ಚಿ ಮೂಸಿದಳು. ಒತೀಲಿಯಾ ಬಾಯಿ ಮುಚ್ಚಿ ಹಿಟ್ಟಿನ ಕಡೆ ತಿರುಗಿದಳು. ‘ಬೆಳಿಗ್ಗೆ ಹೇಳಿದರಾಯಿತು’ ಎಂದುಕೊಂಡಳು.

ಬೆಳಿಗ್ಗೆ ಆರಕ್ಕೆ ಎದ್ದು ಬಂದರೆ ಎವಾರಿಸ್ತೋ ಅವಳಿಗಿಂತ ಮೊದಲೇ ಅಂಗಳದಲ್ಲಿದ್ದ. ಬೆರೆನೀಸ್ ಬೆಂಕಿ ಹಚ್ಚುವುದನ್ನೂ ನೋಡಬೇಕು ಅಂದಿದ್ದಳಂತೆ. ಬೊಡ್ಡೆಗಳು ಹತ್ತದೆ ಸುಯ್ಯೆಂದು ಕುದಿಯುತ್ತಿದ್ದವು, ತುದಿಯಲ್ಲಿ ನೊರೆ ಬರುತ್ತಿತ್ತು. ಹೊಗೆ ಹಳದಿಯಾಗಿತ್ತು. ಅಪ್ಪ ಇದ್ದಿದ್ದರೆ ಕಾಲಿನಿಂದ ಒದ್ದು ಚೆಲ್ಲಿಬಿಡುತ್ತಿದ್ದ. “ಗಾಳಿ ಇವತ್ತು ಸರಿಯಿಲ್ಲ” ಎಂದು ಎವಾರಿಸ್ತೋ ಸೀಮೆಎಣ್ಣೆ ಸುರಿದ.

ಒತೀಲಿಯಾ ಎರಡು ಲೋಟ ಕಾಫಿ ಹಿಡಿದು ಹೋದಳು. ಹೇಳಬೇಕೆಂದೇ ಹೋದಳು, ಅದರಲ್ಲಿ ಸುಳ್ಳಿಲ್ಲ. ಕುರಿಮರಿ ಇನ್ನೂ ಶಿಲುಬೆಗೆ ಏರಿರಲಿಲ್ಲ. ಹಿಂದಿನ ರಾಶಿಯಿಂದ ಎರಡು ಗಾಡಿ ತಂದರೆ ಎಂಟಕ್ಕೆ ಕೆಂಡ ಬೀಳುತ್ತಿತ್ತು, ಊಟ ಅರ್ಧ ಗಂಟೆ ತಡವಾಗುತ್ತಿತ್ತು, ಅಷ್ಟೆ.

“ಗುಟ್ಟೇನು ದೊನ್ ಎವಾರಿಸ್ತೋ?” ಬೆರೆನೀಸ್ ಪುಸ್ತಕ ತೆರೆದು ಕೇಳುತ್ತಿದ್ದಳು.

ಎವಾರಿಸ್ತೋ ದೂರದ ಗುಡ್ಡ ನೋಡಿದ. “ಮಾಂಸಕ್ಕೆ ಬೆಂಕಿ ತೋರಿಸಬಾರದು, ಸೆನ್ಯೋರಿತಾ. ಬಿಸಿ ತೋರಿಸಬೇಕು.”

“ಆಹಾ! ಇದನ್ನ ಯಾರು ಹೇಳಿಕೊಟ್ರು?”

“ನಮ್ಮಪ್ಪ.”

ಲೋಟದ ಕಾಫಿ ತುಳುಕಿ ಒತೀಲಿಯಾಳ ಹೆಬ್ಬೆರಳು ಸುಟ್ಟಿತು. ಅವನ ಅಪ್ಪ ಮೆಹಿಕಾಲಿಯಲ್ಲಿ ಬಸ್ ಓಡಿಸುತ್ತಿದ್ದವನು. ಸಾಯುವವರೆಗೂ ಒಂದು ಮೊಟ್ಟೆ ಬೇಯಿಸಿ ತಿಂದವನಲ್ಲ. ಬೆಂಕಿ ತಗೊಂಡ, ಸರಿ. ಹೆಸರು ತಗೊಂಡ, ಸರಿ. ಈಗ ಅಪ್ಪನನ್ನೂ ತಗೊಂಡನಲ್ಲ!

“ಓ, ಕಾಫಿ ಬಂತು,” ಎವಾರಿಸ್ತೋ ಅಂದ. “ಇಲ್ಲಿಡು ಮುದುಕಿ. ಇವಳು ನನ್ನ ಹೆಂಡತಿ. ಒಳಗೆ ಸಣ್ಣಪುಟ್ಟದ್ದು ಸಹಾಯ ಮಾಡ್ತಾಳೆ.”

“ನಮಸ್ಕಾರ ಸೆನ್ಯೋರಾ,” ಬೆರೆನೀಸ್ ನಕ್ಕಳು. “ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು. ಮನೇಲೂ ಇವರೇ ಅಡಿಗೆ ಮಾಡ್ತಾರಾ?”

“ಇಲ್ಲಮ್ಮ,” ಒತೀಲಿಯಾ ಅಂದಳು. “ಮನೇಲಿ ಫೋಟೋ ತೆಗೆಯೋರು ಯಾರೂ ಇಲ್ಲ.”

ಎವಾರಿಸ್ತೋ ಜೋರಾಗಿ ನಕ್ಕ. ಒತೀಲಿಯಾ ಕಾಫಿ ಇಟ್ಟು ಒಳಗೆ ಬಂದಳು. ಇನ್ನು ಅವಳ ಬಾಯಿಗೆ ಬೀಗ.

ಅದು ಸುಲಭದ ಬೀಗವಾಗಿರಲಿಲ್ಲ. ಎಂಟಕ್ಕೆ ಕುರಿಮರಿ ಏರಿತು. ಒಂಬತ್ತಕ್ಕೆ ತಿಂಡಿಯ ತಟ್ಟೆ ತೊಳೆಯುತ್ತ ನೋಡಿದರೆ ಚರ್ಮದ ಮೇಲೆ ಕಪ್ಪು ಜಿಡ್ಡು ಕೂರುತ್ತಿತ್ತು. ಹಿಂದಿನ ದಿನ ತಾನೇ ತೊಳೆದು, ಪಕ್ಕೆಲುಬಿನ ಸಂದುಸಂದಿಗೆ ಬೆಳ್ಳುಳ್ಳಿ ತುರುಕಿದ ಮರಿ. ಅದಕ್ಕೆ ಹೀಗಾಗುತ್ತಿದೆಯಲ್ಲ! ಆಗಲೂ ಇಳಿಸಬಹುದಿತ್ತು. ಹತ್ತಕ್ಕೆ ಮೂರನೆಯ ಕೋಣೆಯ ಹಾಸಿಗೆ ಬಡಿಯುವಾಗ ಕಿಟಕಿಯಿಂದ ಹೊಗೆ ಒಳಗೆ ಬಂತು. ಕೊಳೆತ ಮೊಟ್ಟೆಯಂಥ, ಸಣ್ಣಗೆ ಗಂಟಲು ಕೆರೆಯುವ ವಾಸನೆ. ದಿಂಬು ಕೈಯಲ್ಲಿ ಹಿಡಿದು ನಿಂತಳು. ಆ ದಿಂಬಿನ ಒಡತಿ, ಯಾರೋ ವಕೀಲರ ಹೆಂಡತಿ, ಹೊರಗೆ ಮರದ ನೆರಳಲ್ಲಿ ಕಾಲು ಚಾಚಿ ಮಲಗಿದ್ದಳು. ಅವಳ ಗಂಡ ಅವಳಿಗೆ ಕಾಫಿ ಬಗ್ಗಿಸಿ ಕೊಡುತ್ತಿದ್ದ. ಒತೀಲಿಯಾ ದಿಂಬಿಗೆ ಬೇಕಾದ್ದಕ್ಕಿಂತ ಎರಡು ಪೆಟ್ಟು ಹೆಚ್ಚು ಹಾಕಿದಳು. ಹನ್ನೊಂದಾಯಿತು. ಇನ್ನು ಹೇಳಿದರೂ ಪ್ರಯೋಜನವಿರಲಿಲ್ಲ. ಒಂದು ಥರ ಹಗುರವಾಯಿತು, ಮರಿಯ ಕಡೆ ಮಾತ್ರ ನೋಡಲಾಗಲಿಲ್ಲ.

ಎರಡು ಗಂಟೆಗೆ ಹನ್ನೆರಡು ಜನ ಕೂತರು. ವೈನ್ ಬಂತು, ಆಲಿವ್ ಬಂತು, ಬೀನ್ಸ್ ಬಂತು, ಬಿಸಿ ಟೋರ್ಟಿಯಾಗಳ ಬುಟ್ಟಿ ಬಂತು. ಎವಾರಿಸ್ತೋ ಮರಿಯನ್ನು ಹಲಗೆಯ ಮೇಲಿಟ್ಟು, ಕತ್ತಿ ಎತ್ತಿ, ಕ್ಯಾಮೆರಾಕ್ಕೆ ಒಂದು ಕ್ಷಣ ಕೊಟ್ಟು ಕತ್ತರಿಸಿದ. ಹೊರಗೆ ಬೂಟಿನ ಚರ್ಮದಂತೆ ಕಪ್ಪು, ಒಳಗೆ ತೊಡೆಯ ಹತ್ತಿರ ರಕ್ತ. ಒತೀಲಿಯಾ ಕಿಟಕಿಯ ಬದಿಗೆ ಸರಿದಳು.

ಎಲ್ಲರೂ ಮೊದಲ ತುತ್ತು ಬಾಯಿಗಿಟ್ಟರು. ಒಬ್ಬ ನೀರು ಕುಡಿದ. ಇನ್ನೊಬ್ಬಳು ಕರವಸ್ತ್ರ ಬಾಯಿಗೆ ಹಿಡಿದಳು. ವಕೀಲ, “ಬೇರೆ ಥರ ಇದೆ” ಎಂದ. ಯಾರೋ ಬೀನ್ಸಿನ ಪಾತ್ರೆ ಹತ್ತಿರ ಎಳೆದುಕೊಂಡರು, ಆ ಪಾತ್ರೆ ಮತ್ತೆ ಮೇಜಿನ ಆ ತುದಿಯಿಂದ ಈ ತುದಿಗೆ ಓಡಾಡತೊಡಗಿತು.

ದೊನ್ಯಾ ಲೊರೆನ್ಸಾ ಒಂದು ಚೂರು ಬಾಯಿಗಿಟ್ಟು ಮುಖ ಹಿಂಡಿದಳು. “ಎವಾರಿಸ್ತೋ. ಏನಿದು? ಮದ್ದು ಕುಡಿದ ಹಾಗಿದೆ.”

ಎವಾರಿಸ್ತೋ ತಾನೂ ತಿಂದ. ನುಂಗಲು ಅವನಿಗೆ ಹೊತ್ತು ಹಿಡಿಯಿತು. ಬೆಂಕಿಯ ಕಡೆ ನೋಡಿದ, ಗುಡ್ಡದ ಕಡೆ ನೋಡಿದ, ಕೊನೆಗೆ ಅಡುಗೆಮನೆಯ ಕಡೆ ನೋಡಿದ.

“ಕಟ್ಟಿಗೆ ಸರಿಯಿಲ್ಲ, ದೊನ್ಯಾ. ಹಸಿ. ಕಟ್ಟಿಗೆ ನನ್ನ ಹೆಂಡತಿಯ ಕೆಲಸ.” ದನಿ ಏರಿಸಿದ. “ಒತೀಲಿಯಾ! ಬಾ ಇಲ್ಲಿ!”

ಹನ್ನೊಂದು ವರ್ಷದಲ್ಲಿ ಆ ಮೇಜಿನ ಮುಂದೆ ಅವಳ ಹೆಸರು ಕೇಳಿದ್ದು ಅದೇ ಮೊದಲು. ಒತೀಲಿಯಾ ಹೆಂಚನ್ನು ಒಲೆಯಿಂದ ಇಳಿಸಿದಳು. ಕೈ ತೊಳೆದಳು. ಏಪ್ರನ್ ಬಿಚ್ಚಬೇಕೆಂದುಕೊಂಡು, ಬಿಚ್ಚದೆ ಹೊರಬಂದಳು. ಹನ್ನೆರಡು ಮುಖಗಳು ತಿರುಗಿದವು.

“ಕಟ್ಟಿಗೆ ನಿನ್ನ ಕೆಲಸವಾ?” ದೊನ್ಯಾ ಲೊರೆನ್ಸಾ ಕೇಳಿದಳು.

“ಹೌದು, ದೊನ್ಯಾ. ಆರಿಸೋದು, ತರೋದು, ಹಚ್ಚೋದು.”

“ಆದರೆ ನಿನ್ನೆ ಇವರೇ ತಂದರಲ್ಲ?” ಬೆರೆನೀಸ್ ಕ್ಯಾಮೆರಾ ಎತ್ತಿ ತೋರಿಸಿದಳು. “ನನ್ನ ಹತ್ರ ನಲವತ್ತು ಫೋಟೋ ಇದೆ.”

ಎವಾರಿಸ್ತೋ ಟೋಪಿಯ ಅಂಚು ತಿರುವಿದ. “ಯಾವ ರಾಶಿ ಯಾವುದು ಅಂತ ಇವಳು ಹೇಳ್ಬೇಕಿತ್ತು.”

“ಹೇಳ್ಬೇಕಿತ್ತು,” ಒತೀಲಿಯಾ ಅಂದಳು. “ನಿನ್ನೆ ಕಿಟಕೀಲಿ ನೋಡ್ದೆ. ಬೆಳಿಗ್ಗೆ ಹೊಗೆ ಹಳದಿ ಬಂದಾಗಲೂ ನೋಡ್ದೆ. ಹೇಳಲಿಲ್ಲ.”

“ಗೊತ್ತಿದ್ದೂ ಸುಮ್ಮನಿದ್ಯಾ?” ದೊನ್ಯಾ ಲೊರೆನ್ಸಾಳ ಕುತ್ತಿಗೆ ಕೆಂಪಾಯಿತು. “ಯಾಕೆ?”

ಹಸಿ ಸುಳ್ಳು ಹತ್ತಾದರೂ ನಾಲಿಗೆಯ ತುದಿಯಲ್ಲಿದ್ದವು. ತಲೆನೋವಿತ್ತು, ಕೆಲಸ ಹೆಚ್ಚಿತ್ತು, ಮರೆತೆ. ಎದುರಿಗೆ ಹಾಳಾದ ಮರಿ ಬಿದ್ದಿತ್ತು. ಅದರ ಮುಂದೆ ಸುಳ್ಳು ಹೇಳಲಾಗಲಿಲ್ಲ.

“ಹೊಟ್ಟೆಕಿಚ್ಚಿಗೆ, ದೊನ್ಯಾ.”

ಮೇಜಿನ ಕೊನೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು, ಸ್ಯಾನ್ ಡಿಯಾಗೋದ ಡಾಕ್ಟರನ ತಾಯಿ, ಕಿಸಕ್ಕನೆ ನಕ್ಕು, ಮಗ ದುರುಗುಟ್ಟಿದಾಗ ಗ್ಲಾಸಿನೊಳಗೆ ಮುಖ ಮುಚ್ಚಿಕೊಂಡಳು.

“ಯಾರ ಮೇಲೆ ಕಿಚ್ಚು?” ಬೆರೆನೀಸ್ ಮೆಲ್ಲಗೆ ಕೇಳಿದಳು. ಪುಸ್ತಕ ತೆರೆದಿತ್ತು.

“ಈತನ ಮೇಲೆ. ನಮ್ಮಪ್ಪ ಫೆರ್ಮಿನ್ ನನಗೆ ಈ ಬೆಂಕಿ ಹೇಳಿಕೊಟ್ಟ. ‘ಬೆಂಕಿ ತೋರಿಸಬೇಡ, ಬಿಸಿ ತೋರಿಸು’ ಅಂದವನು ನಮ್ಮಪ್ಪ. ಈತನ ಅಪ್ಪ ಬಸ್ ಓಡಿಸ್ತಿದ್ದ.”

“ಚೆನ್ನಾಗಿ ಓಡಿಸ್ತಿದ್ದ!” ಎವಾರಿಸ್ತೋ ಅಂದ.

“ಚೆನ್ನಾಗಿಯೇ ಓಡಿಸ್ತಿದ್ದ. ಯಾರು ಇಲ್ಲ ಅಂದ್ರು?”

ಈಗ ಮೇಜಿನವರೆಲ್ಲ ನಕ್ಕರು. ದೊನ್ಯಾ ಲೊರೆನ್ಸಾ ಒಬ್ಬಳು ನಗಲಿಲ್ಲ. ಒತೀಲಿಯಾಳ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಹೇಳಿದಳು: “ನನ್ನ ಮನೆಗೆ ಬಂದವರ ಊಟ ಹಾಳು ಮಾಡಿದ್ದೀಯ. ಮುಂದಿನ ಶನಿವಾರ ಬೆಂಕಿ ನೀನು ನೋಡ್ಕೋ. ಎಲ್ಲರ ಕಣ್ಣೆದುರು. ಚೆನ್ನಾಗಿ ಬರದಿದ್ರೆ ಇಬ್ಬರೂ ಮನೆಗೆ.”

“ಆಗಲಿ. ಹಾಗಾದ್ರೆ ಅವತ್ತು ಟೋರ್ಟಿಯಾ, ಬೀನ್ಸ್, ಹಾಸಿಗೆ ಎಲ್ಲ ಇವನು ನೋಡ್ಕೋಬೇಕು. ನನಗಿರೋದು ಎರಡೇ ಕೈ.”

ದೊನ್ಯಾ ಲೊರೆನ್ಸಾ ಎವಾರಿಸ್ತೋನನ್ನು ನೋಡಿದಳು. “ನೋಡ್ಕೊಳ್ತಾನೆ,” ಎಂದಳು.

ಆ ಸಂಜೆ ಐದಕ್ಕೆ ಇಬ್ಬರೂ ಪಾತ್ರೆಗಳ ಮುಂದೆ ನಿಂತಿದ್ದರು. ಅಂದರೆ ಅವಳು ತೊಳೆಯುತ್ತಿದ್ದಳು, ಅವನು ನಿಂತಿದ್ದ.

“ಹನ್ನೊಂದು ವರ್ಷದ ಮರ್ಯಾದೆ ಒಂದು ದಿನದಲ್ಲಿ ಹೊಗೆ ಆಯ್ತು.”

“ನಿನ್ನ ಮರ್ಯಾದೆ. ನನ್ನದು ಎಲ್ಲಿತ್ತು ಹೋಗೋಕೆ?”

“ನಿಂಗೆ ಚಪ್ಪಾಳೆ ಬೇಕಿದ್ರೆ ಹೇಳೋದಲ್ವಾ ಮುದುಕಿ? ಮನೇಲಿ ನಾನೇ ತಟ್ಟಿರ್ತಿದ್ದೆ.”

“ಮನೇಲಿ ನೀನು ಸೊಳ್ಳೆ ಹೊಡೆಯೋಕೆ ಬಿಟ್ರೆ ಚಪ್ಪಾಳೆ ತಟ್ಟಿದವನಲ್ಲ.”

ಅವನು ಮೀಸೆ ಸವರಿಕೊಂಡ. ಆಮೇಲೆ, “ನಿಮ್ಮಪ್ಪನ ಮಾತು ಹಾಗೆ ಹೇಳಬಾರದಿತ್ತು,” ಎಂದ. “ಬಾಯಿಗೆ ಬಂದುಬಿಡ್ತು. ಅವಳು ಬರ್ಕೊಳ್ತಾ ಇದ್ಲಲ್ಲ.”

ಅವಳಿಗೂ ಏನೋ ಹೇಳಬೇಕಿತ್ತು. ಮರಿ ಹಾಳು ಮಾಡಿದ್ದು ತಪ್ಪು ಎಂದು. ಅಪ್ಪ ಇದ್ದಿದ್ದರೆ ಅವನಿಗಿಂತ ಮೊದಲು ತನಗೆ ಬಾರಿಸುತ್ತಿದ್ದ ಎಂದು. ಅದರ ಬದಲು ಒಂದು ಬಟ್ಟೆ ಅವನ ಕೈಗೆ ಕೊಟ್ಟಳು. ಅವನು ಅದರ ಎರಡೂ ಮಗ್ಗುಲು ನೋಡಿ, ಒಂದು ತಟ್ಟೆ ಎತ್ತಿಕೊಂಡು ಒರೆಸತೊಡಗಿದ.

ಬೆರೆನೀಸ್ ಭಾನುವಾರ ಹೋಗುವ ಮುಂಚೆ ಅಡುಗೆಮನೆಗೆ ಬಂದು ಫೆರ್ಮಿನ್‌ನ ಪೂರ್ತಿ ಹೆಸರು, ಒತೀಲಿಯಾಳ ಪೂರ್ತಿ ಹೆಸರು ಬರೆದುಕೊಂಡಳು. ಬೊಡ್ಡೆ ಕುಟ್ಟಿ ತೋರಿಸು ಎಂದು ಕೇಳಿದಳು. ಟಣ್ ಯಾವುದು, ದಪ್ ಯಾವುದು ಎಂದು ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ, ಆದರೂ ತಲೆಯಾಡಿಸಿದಳು. “ಅಚ್ಚಾದ ಮೇಲೆ ಒಂದು ಪ್ರತಿ ಕಳಿಸ್ತೀನಿ, ದೊನ್ಯಾ ಒತೀಲಿಯಾ,” ಎಂದು ಕೆನ್ನೆಗೆ ಕೆನ್ನೆ ತಾಗಿಸಿ ಹೋದಳು. ದೊನ್ಯಾ! ಯಜಮಾನಿಯರನ್ನು ಕರೆಯುವ ಆ ಒಂದು ಮಾತನ್ನು ಒತೀಲಿಯಾ ಸೋಮವಾರದ ಬಟ್ಟೆ ಒಗೆಯುವವರೆಗೂ ಬಾಯಲ್ಲಿ ಚಪ್ಪರಿಸಿದಳು.

ಆ ವಾರವೆಲ್ಲ ಸಂಜೆ ಹೊತ್ತು ಅವನಿಗೆ ಟೋರ್ಟಿಯಾ ಕಲಿಸಿದಳು. ಗಾರೆ ಕಲಸಿದ ಕೈ. ಹಿಟ್ಟು ನಾದುವುದು ಬೇಗ ಬಂತು, ಲಟ್ಟಿಸುವುದು ಬರಲಿಲ್ಲ. ಒಂದು ಸಲ ಮೂರು ಮೂಲೆ, ಇನ್ನೊಂದು ಸಲ ಐದು.

“ಗೋಡೆ ನೆಟ್ಟಗೆ ಕಟ್ತಿದ್ದೆಯಲ್ಲೋ.”

“ಗೋಡೆಗೆ ನೂಲು ಹಿಡೀತಾರೆ ಮುದುಕಿ. ಇದಕ್ಕೆ ಏನು ಹಿಡೀಲಿ?”

ಶನಿವಾರ ಬಂತು. ಅವಳು ಶುಕ್ರವಾರ ಸಂಜೆಯೇ ಒಂದೊಂದು ಬೊಡ್ಡೆಯನ್ನೂ ಕುಟ್ಟಿ ತಂದಿದ್ದಳು. ಆರಕ್ಕೆ ಬೆಂಕಿ ಹಚ್ಚಿದಳು, ಏಳೂವರೆಗೆ ಕೆಂಡ ಬಿತ್ತು. ಹೊಗೆ ನೀಲಿಯಾಗಿ, ದಾರದಂತೆ ನೆಟ್ಟಗೆ ಎದ್ದಿತು. ಹಗಲೆಲ್ಲ ಬೆಂಕಿಯ ಪಕ್ಕ ನಿಲ್ಲುವುದೆಂದರೆ ಏನೆಂದು ಅವಳಿಗೆ ಆ ದಿನ ತಿಳಿಯಿತು. ಬಿಸಿಲು ನಿಜ, ಬೆವರು ನಿಜ. ಆದರೆ ಯಾರೂ ‘ಇನ್ನೊಂದು ದಿಂಬು ಕೊಡಮ್ಮ’ ಅನ್ನುವುದಿಲ್ಲ. ನಿಂತಲ್ಲಿ ನಿಂತು ಗುಡ್ಡ ನೋಡಬಹುದು. ಇಷ್ಟು ಸುಖವನ್ನು ಹನ್ನೊಂದು ವರ್ಷ ಒಬ್ಬನೇ ತಿಂದನಲ್ಲ ಎಂದು ಮುಗಿದುಹೋದ ಕಾಲದ ಮೇಲೂ ಅವಳಿಗೆ ಕಿಚ್ಚಾಯಿತು. ಬಂದವರು ಈ ಸಲ ಬೇರೆ ಹನ್ನೊಂದು ಮಂದಿ. ಫೋಟೋ ಕೇಳಿದವರು ಇಬ್ಬರೇ. ಅದರಲ್ಲಿ ಒಬ್ಬ ಅವಳನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿ ಕುರಿಮರಿಯ ಫೋಟೋ ತೆಗೆದುಕೊಂಡ.

ಎರಡಕ್ಕೆ ಮಾಂಸ ಮೂಳೆಯಿಂದ ಕಳಚಿ ಬಿತ್ತು. ಮೇಜಿನಲ್ಲಿ ಮಾತು ನಿಂತು, ಬೆರಳು ಚೀಪುವ ಸದ್ದು ಮಾತ್ರ ಉಳಿಯಿತು. ದೊನ್ಯಾ ಲೊರೆನ್ಸಾ ಎರಡನೆಯ ಸಲ ಬಡಿಸಿಕೊಂಡಳು. ಆಮೇಲೆ ಗ್ಲಾಸು ತಟ್ಟಿದಳು. “ಈ ಬೆಂಕಿ ಒತೀಲಿಯಾಳದು, ಅವರ ಅಪ್ಪ ಫೆರ್ಮಿನ್‌ನದು,” ಎಂದಳು.

ಒತೀಲಿಯಾ ಮುಂದೆ ಬಂದಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಸೊಂಟದ ಮೇಲಿಟ್ಟಳು. ಚಪ್ಪಾಳೆ ಬಿತ್ತು. ಮುಖಕ್ಕೆ ರಕ್ತ ಏರಿತು. ಇನ್ನೂ ಟೋರ್ಟಿಯಾಗೆ ಗುಳ್ಳೆ ಏಳುವಷ್ಟು ಹೊತ್ತೂ ಆಗಿರಲಿಲ್ಲ, ಮೇಜಿನ ಆ ತುದಿಯಿಂದ ಒಬ್ಬಳು ಕೂಗಿದಳು: “ಅಯ್ಯೋ, ಅಲ್ಲಿ ನೋಡ್ರೇ! ಒಳಗೆ ಗಂಡಸು ಟೋರ್ಟಿಯಾ ಲಟ್ಟಿಸ್ತಿದ್ದಾನೆ!”

ಕುರ್ಚಿಗಳು ಹಿಂದಕ್ಕೆ ಸರಿದವು. ಹನ್ನೊಂದು ಜನವೂ ಫೋನು ಹಿಡಿದು ಅಡುಗೆಮನೆಯ ಕಿಟಕಿಗೆ ಹೋದರು. ಮೀಸೆಗೆ ಹಿಟ್ಟು ಮೆತ್ತಿಕೊಂಡ ಎವಾರಿಸ್ತೋ ಮೊದಲು ಗಾಬರಿಯಾದ. ಆಮೇಲೆ ಒಂದು ಹುಬ್ಬು ಎತ್ತಿದ. ಆಮೇಲೆ ಲಟ್ಟಣಿಗೆಯನ್ನು ಎದೆಗೆ ಒತ್ತಿಕೊಂಡು ಬಗ್ಗಿದ.

“ಎಷ್ಟು ಮುದ್ದಾಗಿದೆ!” “ನನ್ನ ಗಂಡನಿಗೆ ತೋರಿಸ್ಬೇಕು ಇದನ್ನ.” “ಆಕಾರ ನೋಡು, ಕೈಯಿಂದ ಮಾಡಿದ್ದು ಅಂದ್ರೆ ಹೀಗಿರ್ಬೇಕು!”

ಚಪ್ಪಾಳೆ ಬಿತ್ತು. ಈ ಸಲ ಎರಡು ಮಗ್ಗುಲೂ ಬೇಯುವಷ್ಟು ಹೊತ್ತು.

ಒತೀಲಿಯಾ ಖಾಲಿ ಮೇಜಿನ ಮುಂದೆ, ಸೊಂಟದ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು. ಹಳೆಯ ಹೊಟ್ಟೆಕಿಚ್ಚೆಲ್ಲ ಮತ್ತೆ ಎದ್ದು ಕೂತಿತು, ಮೊದಲಿಗಿಂತ ದಪ್ಪವಾಗಿ. ಮದುವೆಯಾದ ಮೂವತ್ತೆರಡು ವರ್ಷದಲ್ಲಿ ತಾನು ಎಷ್ಟು ಟೋರ್ಟಿಯಾ ಲಟ್ಟಿಸಿರಬಹುದು, ಎಲ್ಲವೂ ಗುಂಡಗೆ. ಯಾರಾದರೂ ಒಬ್ಬರು ಕಿಟಕಿಗೆ ಬಂದಿದ್ದರೆ? ಹಿಂದಿನ ಶನಿವಾರ ಮಾಡಿದಂತೆ ಬಾಯಿ ಮುಚ್ಚಿಕೊಂಡು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಕೆಂಡಕ್ಕೆ ಬೂದಿ ಎಳೆದು ಮುಚ್ಚಿ, ಗುಂಪಿನ ನಡುವೆ ಮೊಣಕೈಯಿಂದ ದಾರಿ ಮಾಡಿಕೊಂಡು ಕಿಟಕಿಗೆ ಬಂದಳು. ಬುಟ್ಟಿಯ ಮೇಲಿನ ಐದು ಮೂಲೆಯ ಟೋರ್ಟಿಯಾ ಎತ್ತಿ, ಹರಿದು, ಬಾಯಿಗಿಟ್ಟು ಅಗಿದಳು. ಎಲ್ಲರೂ ಅವಳನ್ನೇ ನೋಡಿದರು. ಎವಾರಿಸ್ತೋ ಕೂಡ, ಉಸಿರು ಹಿಡಿದು.

“ಒಳಗೆ ಹಸಿ,” ಎಂದಳು, ಎಲ್ಲರಿಗೂ ಕೇಳುವಂತೆ. “ಹೆಂಚು ಕಾದಿಲ್ಲ, ಮುದುಕಾ. ಇನ್ನೊಂದು ಮಾಡು.”

ಫೋನುಗಳು ಮೆಲ್ಲಗೆ ಕೆಳಗಿಳಿದವು. ಎವಾರಿಸ್ತೋ ಒಲೆಯ ಉರಿ ಏರಿಸಿ, ಇನ್ನೊಂದು ಉಂಡೆ ಎತ್ತಿಕೊಂಡ.